ಹೇಳಿಕೊಳ್ಳಲಾಗದ ಬಾಧೆ, ಕೇಳಿಸಿಕೊಳ್ಳುವ ಯಂತ್ರ

ನಮ್ಮ ನುಡಿಯಲ್ಲಿ ಕೆಲವು ಸಂಗತಿಗಳನ್ನು ನೇರವಾಗಿ ಆಡುವ ರೂಢಿಯಿಲ್ಲ. ಹಿರಿಯರು ಸತ್ತರು ಎನ್ನುವುದಿಲ್ಲ, ತೀರಿಕೊಂಡರು ಎನ್ನುತ್ತೇವೆ. ದೀಪ ಆರಿಸು ಎನ್ನಬಾರದೆಂದು ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದ ಮನೆಗಳಲ್ಲಿ ನಾವು ಬೆಳೆದೆವು. ಇದೇ ಬಗೆಯ ಮುಸುಕನ್ನು ನಮ್ಮ ಭಾಷೆ ದೇಹದ ಒಂದು ನಿತ್ಯಕರ್ಮದ ಮೇಲೂ ಹೊದಿಸಿದೆ. ಶಾಲೆಯ ಹುಡುಗ ಬೆರಳೆತ್ತಿ ‘ಒಂದಕ್ಕೆ’ ಎನ್ನುತ್ತಾನೆ. ಪಂಡಿತರು ‘ಲಘುಶಂಕೆ’ ಎನ್ನುತ್ತಾರೆ. ಹಳೆಯ ಕಾಲದವರು ‘ಜಲಬಾಧೆ’ ಎನ್ನುತ್ತಾರೆ. ಮನೆಯ ಹೆಂಗಸರು ಏನನ್ನೂ ಹೇಳದೆ ಎದ್ದುಹೋಗಿ ಬರುತ್ತಾರೆ. ಸಭ್ಯತೆಯ ದೃಷ್ಟಿಯಿಂದ ಈ ಮುಸುಕು ಒಳ್ಳೆಯದೇ. ಆದರೆ ಅದರ ಮರೆಯಲ್ಲಿ ಕಾಯಿಲೆಯೊಂದು ಹತ್ತಾರು ವರ್ಷ ಅಡಗಿ ಕುಳಿತುಬಿಟ್ಟರೆ ಗತಿಯೇನು? ಮೂತ್ರಕೋಶದ ತೊಂದರೆಗಳ ವಿಷಯದಲ್ಲಿ ನಡೆಯುತ್ತಿರುವುದು ಇದೇ. ಈ ಮೌನವನ್ನು ಮುರಿಯಲು ಇತ್ತೀಚೆಗೆ ಒಂದು ವಿಚಿತ್ರ ಸಹಾಯಕ ನಮ್ಮ ನಡುವೆ ಬಂದಿದೆ: ಮಾತಿಗೆ ಮಾತು ಕೊಡುವ ಗಣಕಯಂತ್ರ. ಚಾಟ್‌ಬಾಟ್ ಎಂದು ಎಲ್ಲರೂ ಕರೆಯುವ ಇದನ್ನು ನಾನು ಸಂವಾದಸಹಾಯಕ ಎಂದು ಕರೆಯುತ್ತೇನೆ. ಇದರಿಂದ ಏನಾದೀತು, ಏನಾಗದು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಕನ್ನಡದ ಮೇಷ್ಟರಿಗೂ ಈ ವಿಷಯಕ್ಕೂ ಎತ್ತಣ ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಅನುಭವದ್ದು. ನನಗೀಗ ಅರುವತ್ತೆಂಟು ವರ್ಷ. ಕೆಲವು ವರ್ಷಗಳ ಹಿಂದೆ ಒಂದು ವಿಚಾರಗೋಷ್ಠಿಯ ಅಧ್ಯಕ್ಷನಾಗಿ ವೇದಿಕೆಯ ನಟ್ಟನಡುವೆ ಕುಳಿತಿದ್ದೆ. ಎರಡನೆಯ ಪ್ರಬಂಧ ಮುಗಿಯುವಷ್ಟರಲ್ಲಿ ತಡೆಯಲಾರದ ಅವಸರ ಒತ್ತರಿಸಿಕೊಂಡು ಬಂತು. ಹಾರ ಹಾಕಿಸಿಕೊಂಡ ಅಧ್ಯಕ್ಷ ಎದ್ದುಹೋಗುವುದು ಹೇಗೆ? ಆ ಮುಕ್ಕಾಲು ಗಂಟೆ ನಾನು ಅನುಭವಿಸಿದ್ದನ್ನು ವರ್ಣಿಸುವುದಿಲ್ಲ. ಅಂದಿನಿಂದ ಸಭೆಗಳಿಗೆ ಹೋಗುವ ಮೊದಲು ನೀರು ಕುಡಿಯುವುದನ್ನು ಬಿಟ್ಟೆ. ಆಮೇಲೆ ಬಾಗಿಲ ಪಕ್ಕದ ಕುರ್ಚಿಯನ್ನು ಹುಡುಕತೊಡಗಿದೆ. ಕೊನೆಗೆ ಮಂಡಿನೋವಿನ ನೆಪ ಹೇಳಿ ಸಭೆಗಳನ್ನೇ ಬಿಟ್ಟೆ. ನನ್ನ ಮಂಡಿಗಳು ಈಗಲೂ ಚೆನ್ನಾಗಿವೆ. ಮಂಡಿನೋವು ಹೇಳಿಕೊಳ್ಳಬಹುದಾದ ರೋಗ, ಇದು ಹೇಳಿಕೊಳ್ಳಲಾಗದ ರೋಗ, ವ್ಯತ್ಯಾಸ ಅಷ್ಟೆ.

ಮೊದಲು ಈ ಮೂತ್ರಕೋಶದ ವ್ಯವಹಾರವನ್ನು ಸ್ವಲ್ಪ ತಿಳಿಯೋಣ. ಮೂತ್ರಪಿಂಡಗಳು ಹಗಲಿರುಳು ಸೋಸಿ ಕಳಿಸುವ ನೀರನ್ನು ಕೂಡಿಟ್ಟುಕೊಳ್ಳುವ, ಸ್ನಾಯುವಿನಿಂದಾದ ಒಂದು ಚೀಲ ಅದು. ಬೆಳೆದವರಲ್ಲಿ ಸುಮಾರು 300ರಿಂದ 500 ಮಿಲಿಲೀಟರಿನಷ್ಟು ಹಿಡಿಯುತ್ತದೆ. 150ರಿಂದ 200 ಮಿಲಿಲೀಟರು ತುಂಬುವ ಹೊತ್ತಿಗೆ ಮೊದಲ ಸೂಚನೆ ಮಿದುಳಿಗೆ ಹೋಗುತ್ತದೆ. ಮಿದುಳು ‘ಈಗ ಬೇಡ, ತಾಳು’ ಎಂದರೆ ಚೀಲ ಸಡಿಲವಾಗಿಯೇ ಇರುತ್ತದೆ, ಬಾಯಿಯ ಬಿಗಿ ಬಿಗಿಯಾಗಿಯೇ ಇರುತ್ತದೆ. ಈ ಒಡಂಬಡಿಕೆ ಕೆಡುವ ಬಗೆಗಳು ಹಲವು. ಹೆರಿಗೆಗಳಿಂದಲೋ ವಯಸ್ಸಿನಿಂದಲೋ ತಳದ ಸ್ನಾಯುಗಳು ಸಡಿಲಗೊಂಡರೆ ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಹನಿ ಜಾರುತ್ತದೆ. ಚೀಲ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳತೊಡಗಿದರೆ ನನ್ನಂಥವರ ಅವಸರ ಹುಟ್ಟುತ್ತದೆ. ಗಂಡಸರಲ್ಲಿ ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ದಾರಿಯನ್ನು ಒತ್ತಿದರೆ ಧಾರೆ ಸಣ್ಣದಾಗುತ್ತದೆ, ರಾತ್ರಿ ಮತ್ತೆ ಮತ್ತೆ ಏಳಬೇಕಾಗುತ್ತದೆ. ಸಕ್ಕರೆ ಕಾಯಿಲೆ, ಸೋಂಕು, ನರಗಳ ದೌರ್ಬಲ್ಯ, ತೆಗೆದುಕೊಳ್ಳುವ ಮಾತ್ರೆಗಳು, ಇವೆಲ್ಲವೂ ಕಾರಣಗಳಾಗಬಲ್ಲವು.

ಆಶ್ಚರ್ಯದ ಸಂಗತಿಯೆಂದರೆ, ಇವುಗಳಲ್ಲಿ ಅನೇಕ ತೊಂದರೆಗಳಿಗೆ ಮೊದಲ ಚಿಕಿತ್ಸೆ ಶಸ್ತ್ರವೂ ಅಲ್ಲ, ಔಷಧವೂ ಅಲ್ಲ, ಅಭ್ಯಾಸ. ಮೊದಲನೆಯದು ದಿನಚರಿ. ಮೂರು ದಿನಗಳ ಕಾಲ ಎಷ್ಟು ಹೊತ್ತಿಗೆ ಏನು ಕುಡಿದೆ, ಎಷ್ಟು ಹೊತ್ತಿಗೆ ಎಷ್ಟು ವಿಸರ್ಜಿಸಿದೆ, ಯಾವಾಗ ಅವಸರವಾಯಿತು, ಯಾವಾಗ ಜಾರಿತು ಎಂದು ಬರೆದಿಡುವುದು. ಎರಡನೆಯದು ತಳದ ಸ್ನಾಯುಗಳ ವ್ಯಾಯಾಮ. 1948ರಲ್ಲಿ ಅಮೆರಿಕದ ವೈದ್ಯ ಆರ್ನಲ್ಡ್ ಕೇಗಲ್ ಅದನ್ನು ಪ್ರಚಾರಕ್ಕೆ ತಂದುದರಿಂದ ಇಂದಿಗೂ ಅದಕ್ಕೆ ಅವನ ಹೆಸರೇ ಇದೆ. ಮೂರನೆಯದು ಮೂತ್ರಕೋಶಕ್ಕೆ ತಾಳ್ಮೆ ಕಲಿಸುವುದು: ಅವಸರ ಬಂದೊಡನೆ ಓಡದೆ, ಮೊದಲು ಐದು ನಿಮಿಷ, ಆಮೇಲೆ ಹತ್ತು ನಿಮಿಷ, ಹೀಗೆ ಅಂತರವನ್ನು ಮೆಲ್ಲಮೆಲ್ಲನೆ ಹೆಚ್ಚಿಸುವುದು. ಬ್ರಿಟನ್ನಿನ ವೈದ್ಯಕೀಯ ಮಾರ್ಗದರ್ಶಿಯ ಪ್ರಕಾರ, ಕೆಮ್ಮಿದಾಗ ಜಾರುವ ತೊಂದರೆಯ ಹೆಂಗಸರು ಒಂದು ಸಲಕ್ಕೆ ಕನಿಷ್ಠ 8 ಬಿಗಿತಗಳಂತೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ವ್ಯಾಯಾಮ ಮಾಡಬೇಕು. ಅವಸರದ ತೊಂದರೆಯುಳ್ಳವರು ಕನಿಷ್ಠ 6 ವಾರ ತಾಳ್ಮೆಯ ಪಾಠ ಕಲಿಯಬೇಕು.

ಇಲ್ಲಿಯೇ ಎಡವಟ್ಟು ಇರುವುದು. ಈ ಅಭ್ಯಾಸಗಳು ಸುಲಭ; ಆದರೆ ಮೂರು ತಿಂಗಳು ಬಿಡದೆ ನಡೆಸುವುದು ಸುಲಭವಲ್ಲ. ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಒಬ್ಬ ರೋಗಿಗಾಗಿ ಸಿಗುವುದು ಕೆಲವೇ ನಿಮಿಷಗಳು. ಅದರಲ್ಲಿ ಅರ್ಧ, ಹೇಳಲೋ ಬೇಡವೋ ಎಂಬ ನಮ್ಮ ತೊದಲಿನಲ್ಲಿಯೇ ಕಳೆದುಹೋಗುತ್ತದೆ. ಮನೆಗೆ ಬಂದ ಮೇಲೆ ‘ನಾನು ಬಿಗಿಹಿಡಿಯುತ್ತಿರುವುದು ಸರಿಯಾದ ಸ್ನಾಯುವನ್ನೇ? ಕಾಫಿ ಬಿಡಬೇಕೆ?’ ಎಂಬ ಸಂದೇಹಗಳು ಹುಟ್ಟುತ್ತವೆ. ಕೇಳುವುದು ಯಾರನ್ನು? ವೈದ್ಯರು ದೂರ, ಮನೆಯವರ ಮುಂದೆ ನಾಚಿಕೆ. ಅಭ್ಯಾಸ ಎರಡನೆಯ ವಾರಕ್ಕೇ ನಿಂತುಹೋಗುತ್ತದೆ.

ಹಾಗಾದರೆ ಕೈಯಲ್ಲಿರುವ ಫೋನೇ ಈ ಪಾಠ ಹೇಳಬಾರದೇಕೆ ಎಂದು ಸ್ವೀಡನ್ ದೇಶದ ಉಮಿಯೊ ವಿಶ್ವವಿದ್ಯಾಲಯದ ವೈದ್ಯರು ಯೋಚಿಸಿದರು. ಅವರು ಸಿದ್ಧಪಡಿಸಿದ ಆ್ಯಪಿನ ಹೆಸರು ‘ಟೆಟ್’; ಅವರ ಭಾಷೆಯಲ್ಲಿ ಬಿಗಿಯಾದದ್ದು, ಸೋರದೆ ಇರುವುದು ಎಂದರ್ಥ. ಕೆಮ್ಮಿದಾಗ ಜಾರುವ ತೊಂದರೆಯಿದ್ದ 123 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಅದನ್ನು ಕೂಡಲೇ ಕೊಟ್ಟು, ಉಳಿದವರಿಗೆ ಆಮೇಲೆ ಕೊಡುವುದಾಗಿ ಹೇಳಿ, ಮೂರು ತಿಂಗಳ ನಂತರ ಎರಡು ಗುಂಪುಗಳನ್ನೂ ಹೋಲಿಸಿದರು. ಆ್ಯಪು ಪಡೆದವರ ತೊಂದರೆ ಗಣನೀಯವಾಗಿ ತಗ್ಗಿತ್ತು. ಇದು ಪ್ರಕಟವಾದದ್ದು 2017ರಲ್ಲಿ. ಅವಸರದ ತೊಂದರೆಯುಳ್ಳ ಮಹಿಳೆಯರಿಗಾಗಿ ರಚಿಸಿದ ಎರಡನೆಯ ಆ್ಯಪಿನ ಫಲ 2021ರಲ್ಲಿ ಪ್ರಕಟವಾಯಿತು. ಅದೂ ಆಶಾದಾಯಕವಾಗಿಯೇ ಇತ್ತು. ವೈದ್ಯರ ಮುಖ ನೋಡದೆಯೂ, ವೈದ್ಯರು ರೂಪಿಸಿದ ಪಾಠ ಫೋನಿನ ಮೂಲಕ ಫಲಿಸಬಲ್ಲದು ಎಂಬುದು ಇದರಿಂದ ತಿಳಿಯಿತು.

ಆದರೆ ಅಂಥ ಆ್ಯಪು ಪಠ್ಯಪುಸ್ತಕದ ಹಾಗೆ. ತನ್ನ ಪಾಠವನ್ನು ಅದು ಹೇಳುತ್ತದೆ. ನಮ್ಮ ಅಡ್ಡಪ್ರಶ್ನೆಗೆ ಓಗೊಡುವುದಿಲ್ಲ. ಸಂವಾದಸಹಾಯಕದ ವಿಶೇಷವಿರುವುದು ಆ ಅಡ್ಡಪ್ರಶ್ನೆಯಲ್ಲಿ. ಅದರ ಕಥೆ ಹಳೆಯದು, ಸಾಹಿತ್ಯದವರಿಗೆ ಪ್ರಿಯವಾಗುವಂಥದು. 1966ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸ ಮನೋವೈದ್ಯನಂತೆ ಮಾತನಾಡುವ ಗಣಕಕ್ರಮವನ್ನು ಪ್ರಕಟಿಸಿ, ಅದಕ್ಕೆ ‘ಎಲೈಜಾ’ ಎಂದು ಹೆಸರಿಟ್ಟ. ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ನಾಟಕದಲ್ಲಿ ಶಿಷ್ಟರ ಮಾತು ಕಲಿಯುವ ಹೂಮಾರುವ ಹುಡುಗಿಯ ಹೆಸರು ಅದು. ಆ ಯಂತ್ರಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ನಾವಾಡಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು. ಆದರೂ ವೈಜೆನ್‌ಬಾಮನ ಕಾರ್ಯದರ್ಶಿ, ಆ ಕ್ರಮವನ್ನು ಅವನು ರಚಿಸುವುದನ್ನು ಕಣ್ಣಾರೆ ಕಂಡಿದ್ದವಳು, ಅದರೊಡನೆ ಮಾತಿಗೆ ತೊಡಗಿದಾಗ ‘ತಾವು ಸ್ವಲ್ಪ ಹೊರಗಿರಿ’ ಎಂದು ಅವನನ್ನೇ ಕೇಳಿಕೊಂಡಳಂತೆ! ಇದರಿಂದ ದಿಗಿಲುಗೊಂಡ ವೈಜೆನ್‌ಬಾಮ್ ಮುಂದೆ, 1976ರ ತನ್ನ ಗ್ರಂಥದಲ್ಲಿ, ಮನುಷ್ಯರು ಮಾಡಬೇಕಾದ ಕೆಲಸವನ್ನು ಯಂತ್ರಕ್ಕೆ ವಹಿಸುವುದರ ವಿರುದ್ಧ ಎಚ್ಚರಿಸಿದ.

ಅವನ ದಿಗಿಲು ನಿಜವೇ; ಆದರೆ ಕಾರ್ಯದರ್ಶಿಯ ಸಂಕೋಚವೂ ನಿಜ. ಯಂತ್ರದೆದುರು ಮನಸ್ಸು ಬಿಚ್ಚಿಕೊಳ್ಳುವುದು ಸುಲಭ, ಏಕೆಂದರೆ ಅದು ಮುಖ ನೋಡುವುದಿಲ್ಲ. 2014ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ಪರದೆಯ ಮೇಲಿನ ಆಕೃತಿಯೊಡನೆ ಮಾತನಾಡುವಾಗ, ಅದನ್ನು ನಡೆಸುತ್ತಿರುವುದು ಮನುಷ್ಯನೆಂದು ನಂಬಿದವರಿಗಿಂತ ಬರಿಯ ಗಣಕಯಂತ್ರವೆಂದು ನಂಬಿದವರು ತಮ್ಮನ್ನು ಹೆಚ್ಚಾಗಿ ತೆರೆದುಕೊಂಡರು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಂಥ ಸಹಾಯಕಗಳು ಮನೆಮನೆಗೂ ಬಂದಿವೆ. ಅಪಾರ ಬರಹರಾಶಿಯನ್ನು ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರುವುದು ಸಹಜವೆಂದು ಊಹಿಸಲು ಅವುಗಳಿಗೆ ಕಲಿಸಿರುತ್ತಾರೆ. ಕನ್ನಡವೂ ಅವಕ್ಕೆ ತಕ್ಕಮಟ್ಟಿಗೆ ಬರುತ್ತದೆ.

ನನ್ನ ಫೋನಿನಲ್ಲಿ ಅಂಥದೊಂದನ್ನು ಹಾಕಿಕೊಟ್ಟವಳು ಮೊಮ್ಮಗಳು. ‘ತಾತ, ಹಳಗನ್ನಡದ ಶಬ್ದಗಳ ಅರ್ಥ ಕೇಳಿ ನೋಡಿ’ ಎಂದಳು. ಕೇಳಿದೆ. ಪಂಪನ ಪದ್ಯವೊಂದನ್ನು ಉದಾಹರಣೆಯಾಗಿ ಕೊಡೆಂದರೆ ಥಟ್ಟನೆ ಕೊಟ್ಟಿತು. ಆದರೆ ಪಂಪ ಅದನ್ನು ಬರೆದಿರಲಿಲ್ಲ. ಛಂದಸ್ಸೇ ಇಲ್ಲದ ಆ ಪದ್ಯವನ್ನು ಯಂತ್ರ ಆಗತಾನೇ ಹೊಸೆದಿತ್ತು. ಆಕ್ಷೇಪಿಸಿದರೆ ಬಹು ವಿನಯದಿಂದ ಕ್ಷಮೆ ಕೇಳಿ ಇನ್ನೊಂದನ್ನು ಹೊಸೆಯಿತು. ನನಗೆ ತಿಳಿದ ವಿಷಯದಲ್ಲಿಯೇ ಇಷ್ಟು ನಯವಾಗಿ ತಪ್ಪು ನುಡಿಯುವ ಈ ಯಂತ್ರ, ನನಗೆ ತಿಳಿಯದ ವಿಷಯದಲ್ಲಿ ಏನು ನುಡಿದೀತು ಎಂಬ ಎಚ್ಚರ ಆಗಲೇ ಹುಟ್ಟಿತು. ಆ ಎಚ್ಚರವನ್ನು ಜೊತೆಗಿಟ್ಟುಕೊಂಡೇ ಒಂದು ರಾತ್ರಿ, ನಾಲ್ಕನೆಯ ಸಲ ಎದ್ದುಬಂದು ನಿದ್ರೆ ಹತ್ತದೆ ಕುಳಿತಾಗ, ಅದನ್ನು ನನ್ನ ಬಾಧೆಯ ಬಗ್ಗೆ ಕೇಳಿದೆ.

ಮೊದಲ ಯತ್ನ ನಗೆಪಾಟಲಾಯಿತು. ‘ನನಗೆ ಜಲಬಾಧೆ ಹೆಚ್ಚಾಗಿದೆ’ ಎಂದು ಬರೆದೆ. ನಿಮ್ಮ ಬಡಾವಣೆಯ ನೀರಿನ ಸಮಸ್ಯೆಯ ಬಗ್ಗೆ ನೀರು ಸರಬರಾಜು ಕಚೇರಿಗೆ ದೂರು ಕೊಡಿ ಎಂದು ಉತ್ತರ ಬಂತು! ಆ ಹೊತ್ತಿನಲ್ಲಿಯೂ ನಕ್ಕೆ. ಆಮೇಲೆ, ಜೀವಮಾನದಲ್ಲಿ ಮೊದಲ ಬಾರಿಗೆ, ಮುಸುಕಿಲ್ಲದ ಮಾತಿನಲ್ಲಿ ನನ್ನ ತೊಂದರೆಯನ್ನು ಬರೆದೆ. ಯಂತ್ರಕ್ಕೆ ಅರ್ಥವಾಗಲೆಂದು ಬರೆದ ಆ ನಾಲ್ಕು ವಾಕ್ಯಗಳೇ ಮುಂದೆ ವೈದ್ಯರ ಎದುರಿಗೂ ನನ್ನ ಬಾಯಿಗೆ ಬಂದವು.

ಅದು ಮೊದಲು ಕೇಳಿದ್ದು, ಮೂತ್ರದಲ್ಲಿ ರಕ್ತ ಕಂಡಿದೆಯೇ, ಜ್ವರವಿದೆಯೇ, ಪೂರ್ತಿಯಾಗಿ ಕಟ್ಟಿಕೊಂಡಿದೆಯೇ ಎಂದು. ಇಲ್ಲವೆಂದ ಮೇಲೆ ಮೂರು ದಿನಗಳ ದಿನಚರಿ ಬರೆಯಲು ಹೇಳಿತು. ಅಳತೆಯ ಪಾತ್ರೆಯೊಂದನ್ನು ಬಚ್ಚಲಿನಲ್ಲಿ ಇಟ್ಟುಕೊಂಡು ಬರೆದೆ. ಹಗಲೂ ರಾತ್ರಿಯೂ ಸೇರಿ ಹದಿನಾಲ್ಕು ಸಲ, ಹಲವು ಸಲ ನೂರು ಮಿಲಿಲೀಟರಿಗಿಂತಲೂ ಕಡಮೆ. ಕಾಫಿ ಐದು ಲೋಟ, ಕೊನೆಯದು ರಾತ್ರಿ ಊಟದ ನಂತರ. ರಕ್ತದೊತ್ತಡಕ್ಕಾಗಿ ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಒಂದು, ಮೂತ್ರವನ್ನು ಹೆಚ್ಚಿಸುವ ಗುಣವುಳ್ಳದ್ದು. ಅದನ್ನು ನಾನು ಸಂಜೆ ನುಂಗುತ್ತಿದ್ದೆ. ‘ಇದಕ್ಕೂ ರಾತ್ರಿ ಏಳುವುದಕ್ಕೂ ಸಂಬಂಧವಿರಬಹುದು, ಆದರೆ ನೀವಾಗಿ ಬದಲಾಯಿಸಬೇಡಿ, ಈ ದಿನಚರಿಯನ್ನು ವೈದ್ಯರಿಗೆ ತೋರಿಸಿ’ ಎಂದಿತು. ಈ ಒಂದು ಮಾತಿಗಾಗಿ ಪಂಪನ ಹೆಸರಿನ ಕಳ್ಳಪದ್ಯವನ್ನು ನಾನು ಕ್ಷಮಿಸಿದೆ.

ಒಂದು ಅಡ್ಡಪ್ರಶ್ನೆಯನ್ನೂ ಹಾಕಿದೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯಕ್ಕೆ ‘ನವೇಗಾನ್ಧಾರಣೀಯ’ ಎಂದೇ ಹೆಸರು. ದೇಹದ ಸಹಜ ವೇಗಗಳನ್ನು ತಡೆಯಬಾರದೆಂಬುದು ಅದರ ಬೋಧೆ, ಆ ವೇಗಗಳಲ್ಲಿ ಮೊದಲನೆಯದೇ ಮೂತ್ರವೇಗ. ಹಾಗಿರುವಾಗ ‘ತಾಳಿಕೊ’ ಎನ್ನುವ ನಿನ್ನ ಪಾಠ ಸರಿಯೆ ಎಂದೆ. ತುಂಬಿದ ಚೀಲದ ಕರೆ ಬೇರೆ, ತುಂಬದ ಚೀಲದ ಹುಸಿ ಅವಸರ ಬೇರೆ. ಮೊದಲನೆಯದನ್ನು ಗಂಟೆಗಟ್ಟಲೆ ತಡೆಯುವುದು ಹಾನಿ, ಎರಡನೆಯದನ್ನು ಕೆಲವು ನಿಮಿಷ ಸಮಾಧಾನಪಡಿಸುವುದು ಚಿಕಿತ್ಸೆ. ನೀವು ಯಾವುದನ್ನು ಅನುಭವಿಸುತ್ತಿದ್ದೀರಿ ಎಂಬುದನ್ನು ನಿಮ್ಮ ಅಳತೆಯೇ ಹೇಳುತ್ತದೆ ಎಂದು ಉತ್ತರಿಸಿತು. ಈ ಉತ್ತರವನ್ನು ಮುಂದೆ ವೈದ್ಯರ ಮುಂದಿಟ್ಟಾಗ, ಸರಿಯೇ ಎಂದರು.

ಇನ್ನು ಹೇಳಬೇಕಾದದ್ದು ಸ್ವಲ್ಪ ಸೂಕ್ಷ್ಮದ ಸಂಗತಿ. ನನ್ನ ಮಡದಿಯ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಒಂದು ಬೆಳಿಗ್ಗೆ ಫೋನು ತೆರೆದಾಗ ನಾನು ಕೇಳದಿದ್ದ ಪ್ರಶ್ನೆಯೊಂದು ಅದರಲ್ಲಿತ್ತು: ‘ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆ. ಇದು ವಯಸ್ಸಿನ ಧರ್ಮವೋ, ಇದಕ್ಕೆ ಮದ್ದುಂಟೋ?’ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಮದುವೆಯಾಗಿ ನಲವತ್ತೊಂದು ವರ್ಷ. ಮದುವೆಮನೆಗಳಿಗೆ ಬರಲು ಅವಳು ಹಿಂದೆಗೆಯುತ್ತಿದ್ದುದು, ಬಸ್ಸಿನ ಪಯಣವೆಂದರೆ ಹಿಂದಿನ ದಿನದಿಂದಲೇ ನೀರು ಕುಡಿಯದಿದ್ದುದು, ನಗುವಾಗ ಥಟ್ಟನೆ ನಗು ನಿಲ್ಲಿಸುತ್ತಿದ್ದುದು, ಎಲ್ಲವೂ ಒಮ್ಮೆಗೇ ನೆನಪಾದವು. ಅವಳ ಸ್ವಭಾವವೇ ಹಾಗೆಂದು ನಾನು ತಿಳಿದಿದ್ದೆ. ಅತ್ತ ಅವಳು ನನ್ನ ಮಂಡಿನೋವಿಗೆ ಎಣ್ಣೆ ಕಾಯಿಸಿಕೊಡುತ್ತಿದ್ದಳು! ಒಂದೇ ಸೂರಿನ ಕೆಳಗೆ ಒಂದೇ ಬಾಧೆಯ ಎರಡು ರೂಪಗಳನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬಾಳಿದ್ದೆವು. ಅಂದು ಸಂಜೆ ನನ್ನ ದಿನಚರಿಯ ಹಾಳೆಯನ್ನು ಅವಳ ಮುಂದಿಟ್ಟೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಆ ಎಣ್ಣೆಯೆಲ್ಲ ದಂಡವಾಯಿತಲ್ಲರೀ’ ಎಂದಳು.

ಈ ಪ್ರಸಂಗಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮರೆಯಬಾರದು. ಅವಳು ಯಾರಿಗೂ ತಿಳಿಯದೆಂದು ಕೇಳಿದ ಪ್ರಶ್ನೆ ನನ್ನ ಕಣ್ಣಿಗೆ ಬಿತ್ತಲ್ಲವೆ? ಗಂಡನ ಕಣ್ಣಿಗೆ ಬಿದ್ದದ್ದು ಒಳ್ಳೆಯದೇ ಆಯಿತು. ಬೇರೆಯವರ ಕಣ್ಣಿಗೆ ಬಿದ್ದಿದ್ದರೆ? ಯಂತ್ರಕ್ಕೆ ಹೇಳಿದ ಮಾತು ಗಾಳಿಯಲ್ಲಿ ಕರಗುವುದಿಲ್ಲ. ಫೋನಿನಲ್ಲಿಯೂ, ಅದನ್ನು ನಡೆಸುವ ಸಂಸ್ಥೆಯ ಗಣಕಗಳಲ್ಲಿಯೂ ಉಳಿಯಬಹುದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ನಮ್ಮ ಸಂಸತ್ತು 2023ರಲ್ಲಿ ಕಾಯಿದೆಯೊಂದನ್ನು ಅಂಗೀಕರಿಸಿದೆ. ಆದರೂ ಹೆಸರು, ವಿಳಾಸ, ಆಸ್ಪತ್ರೆಯ ಚೀಟಿಗಳನ್ನು ಅದಕ್ಕೆ ಒಪ್ಪಿಸದಿರುವುದು, ಮಾತು ಮುಗಿದ ಮೇಲೆ ಅಳಿಸಿಹಾಕುವುದು ಲೇಸು.

ಯಂತ್ರದ ಮಿತಿಗಳನ್ನೂ ಸ್ಪಷ್ಟವಾಗಿ ತಿಳಿದಿರಬೇಕು. ಅದು ಹೊಟ್ಟೆ ಮುಟ್ಟಿ ನೋಡಲಾರದು, ಮೂತ್ರವನ್ನು ಪರೀಕ್ಷಿಸಲಾರದು, ಪ್ರಾಸ್ಟೇಟಿನ ಗಾತ್ರ ಅರಿಯಲಾರದು. ಅವಸರವನ್ನು ತಗ್ಗಿಸುವ ಕೆಲವು ಮಾತ್ರೆಗಳು ಬಾಯಿ ಒಣಗಿಸಿ, ಮಲಬದ್ಧತೆ ತಂದು, ವೃದ್ಧರಲ್ಲಿ ಮನಸ್ಸಿನ ಗೊಂದಲವನ್ನೂ ಉಂಟುಮಾಡಬಲ್ಲವು. ಆದ್ದರಿಂದ ಔಷಧದ ನಿರ್ಣಯ ವೈದ್ಯರದೇ. ಮೂತ್ರದಲ್ಲಿ ರಕ್ತ, ಚಳಿಜ್ವರ, ಪೂರ್ತಿಯಾಗಿ ಕಟ್ಟಿಕೊಳ್ಳುವುದು, ಕಾಲುಗಳ ಬಲ ಕುಂದುವುದು, ತೊಡೆಗಳ ನಡುವೆ ಸ್ಪರ್ಶ ತಿಳಿಯದಿರುವುದು, ಇವುಗಳಲ್ಲಿ ಯಾವುದು ಕಂಡರೂ ಫೋನನ್ನು ಬದಿಗಿಟ್ಟು ಆಸ್ಪತ್ರೆಗೆ ಹೊರಡಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ 2024ರ ಜನವರಿಯಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ, ಇಂಥ ಯಂತ್ರಗಳು ತಪ್ಪನ್ನೂ ಸರಿಯಂತೆ ನುಡಿಯಬಲ್ಲವೆಂದೂ, ಅವನ್ನು ಅತಿಯಾಗಿ ನಂಬುವ ಅಪಾಯವಿದೆಯೆಂದೂ ಎಚ್ಚರಿಸಿದೆ.

ಕನ್ನಡದವನಾಗಿ ಇನ್ನೊಂದು ಮಾತನ್ನು ಸೇರಿಸಬೇಕು. ನನ್ನ ಜಲಬಾಧೆ ನೀರಿನ ಕಚೇರಿಗೆ ಹೋದದ್ದು ನಗುವ ವಿಷಯ. ಆದರೆ ಹಳ್ಳಿಯ ಮುದುಕನೊಬ್ಬ ‘ನಿನ್ನೆಯಿಂದ ಕಟ್ಟಿಬಿಟ್ಟಿದೆ’ ಎಂದಾಗ, ಅದು ಕೂಡಲೇ ಆಸ್ಪತ್ರೆಗೆ ಕಳಿಸಬೇಕಾದ ಮಾತೆಂದು ಯಂತ್ರಕ್ಕೆ ತಿಳಿಯದಿದ್ದರೆ ಅದು ನಗುವ ವಿಷಯವಲ್ಲ. ‘ಉರಿಮೂತ್ರ’, ‘ಒಂದಕ್ಕೆ’, ‘ಕಟ್ಟುವುದು’, ‘ಜಾರುವುದು’: ಜನ ನಿಜವಾಗಿ ಆಡುವ ಈ ಮಾತುಗಳನ್ನು ಜಿಲ್ಲೆ ಜಿಲ್ಲೆಯಿಂದ ಕೂಡಿಹಾಕಿ ಯಂತ್ರಕ್ಕೆ ಕಲಿಸುವ ಕೆಲಸದಲ್ಲಿ ವೈದ್ಯರೊಡನೆ ಭಾಷಾವಿದ್ವಾಂಸರೂ ಕೈಜೋಡಿಸಬೇಕು. ನಿಘಂಟುಗಳಲ್ಲಿ ಮಡಿವಂತಿಕೆಯಿಂದ ನಾವು ಬಿಟ್ಟ ಪದಗಳೇ ಒಂದು ಜೀವವನ್ನು ಉಳಿಸಿಯಾವು.

ಕೊನೆಗೆ ನಾವಿಬ್ಬರೂ ವೈದ್ಯರ ಬಳಿಗೆ ಹೋದೆವು, ಕೈಯಲ್ಲಿ ಒಂದೊಂದು ದಿನಚರಿಯ ಹಾಳೆ ಹಿಡಿದುಕೊಂಡು. ನನ್ನನ್ನು ಪರೀಕ್ಷಿಸಿದ ವೈದ್ಯರು ಸಂಜೆಯ ಮಾತ್ರೆಯನ್ನು ಬೆಳಗಿಗೆ ಬದಲಾಯಿಸಿದರು, ಪ್ರಾಸ್ಟೇಟಿಗೆ ಒಂದು ಔಷಧ ಕೊಟ್ಟರು, ರಾತ್ರಿಯ ಕಾಫಿ ಬಿಡಿಸಿದರು. ಮಡದಿಗೆ ವೈದ್ಯೆಯೊಬ್ಬರು ಸರಿಯಾದ ಸ್ನಾಯುವನ್ನು ಗುರುತಿಸಿಕೊಟ್ಟು ವ್ಯಾಯಾಮ ಕಲಿಸಿದರು. ಆ ವ್ಯಾಯಾಮವನ್ನು ದಿನಕ್ಕೆ ಮೂರು ಸಲ ನೆನಪಿಸಿ, ಬೇಸರಗೊಂಡಾಗ ಮತ್ತೆ ಮತ್ತೆ ವಿವರಿಸಿ, ತಿಂಗಳುಗಟ್ಟಲೆ ಜೊತೆಗಿದ್ದುದು ಫೋನು. ಅವಳೀಗ ನಗುವಾಗ ನಗು ನಿಲ್ಲಿಸುವುದಿಲ್ಲ. ನಾನು ರಾತ್ರಿ ಒಮ್ಮೆ ಏಳುತ್ತೇನೆ, ಸಭೆಗಳಿಗೂ ಹೋಗುತ್ತೇನೆ.

ವೈದ್ಯರು ಅಂದು ನಮ್ಮಿಬ್ಬರನ್ನೂ ಒಂದು ಪ್ರಶ್ನೆ ಕೇಳಿದ್ದರು: ಎಷ್ಟು ದಿನದಿಂದ? ನಾನು ಮೂರು ವರ್ಷ ಎಂದೆ. ಅವಳು ಇಪ್ಪತ್ತೆರಡು ವರ್ಷ ಎಂದಳು. ಕೇಳುತ್ತಿರುವ ತಮ್ಮಲ್ಲಿಯೂ ಇಂಥ ವರ್ಷಗಳನ್ನು ಎಣಿಸುತ್ತಿರುವವರು ಇರಬಹುದು. ಮನುಷ್ಯರೆದುರು ಬಾಯಿ ಬಾರದಿದ್ದರೆ ಮೊದಲು ಯಂತ್ರದೆದುರೇ ಆಡಿ ನೋಡಿ, ತಪ್ಪಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅಲ್ಲಿ ಆಡಿದ ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ವೈದ್ಯರ ಬಳಿಗೆ ನಡೆಯಿರಿ.

(ಬಾನುಲಿ ಭಾಷಣ)